ಮಂಜಿಲ್ಲದ ದಿನಗಳ ತರಬೇತಿ

ಆಳಂದ ತಾಲ್ಲೂಕಿನ ಗಡಿಯೂರು ಹಿರೋಳ್ಳಿಯಲ್ಲಿ ಏಪ್ರಿಲ್ ಬಿಸಿಲಿಗೆ ಮಂಜುಗಡ್ಡೆ ತುಸು ಹೊತ್ತೂ ನಿಲ್ಲದು. ಅಂಥ ಊರಿನವರಿಗೆ ಐಸ್ ಹಾಕಿಯ ಚರಿತ್ರೆ ಏಕೆ ಎಂದು ನೀವು ಕೇಳಬಹುದು. ಆ ಆಟದಲ್ಲಿ ಜಗತ್ತನ್ನು ಗೆದ್ದವರಿಗೂ ಒಂದು ಕಾಲಕ್ಕೆ ಮಂಜಿನ ಅಂಗಳದ ಕೊರತೆಯಿತ್ತು. ಅದನ್ನು ಅವರು ನೀಗಿಸಿಕೊಂಡ ಬಗೆಯಲ್ಲಿ ನಮಗೂ ಪಾಠವಿದೆ.

ಸೋವಿಯತ್ ಒಕ್ಕೂಟದಲ್ಲಿ ಕೆನಡಾ ಮಾದರಿಯ ಐಸ್ ಹಾಕಿಯ ಮೊದಲ ರಾಷ್ಟ್ರೀಯ ಪಂದ್ಯಾವಳಿ ಆರಂಭವಾದದ್ದು 1946ರ ಡಿಸೆಂಬರಿನಲ್ಲಿ. ಕೃತಕ ಮಂಜಿನ ಅಂಗಳಗಳು ಅಲ್ಲಿ ಆಗ ಬಲು ವಿರಳ. ಚಳಿಗಾಲ ಮುಗಿದರೆ ಆಟವೂ ಮುಗಿಯಿತು. ತರಬೇತುದಾರ ಅನತೋಲಿ ತರಾಸೊವ್ ಸುಮ್ಮನೆ ಕೂರಲಿಲ್ಲ. ಆಟಗಾರರನ್ನು ನೆಲದ ಮೇಲೆಯೇ ಓಡಿಸಿದರು, ಭಾರ ಎತ್ತಿಸಿದರು, ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಡಿಸಿದರು. ಒಬ್ಬನೇ ನುಗ್ಗುವುದಕ್ಕಿಂತ ಜೊತೆಗಾರನಿಗೆ ಪಾಸ್ ಕೊಡುವುದು ಮೇಲು ಎಂದು ಕಲಿಸಿದರು.

ಇದರ ಹಿಂದೆ ಸರಳ ವಿಜ್ಞಾನವಿದೆ. ಮಂಜಿನ ಮೇಲೆ ಘರ್ಷಣೆ ತೀರ ಕಡಿಮೆ. ಸುಮಾರು 170 ಗ್ರಾಂ ತೂಕದ ರಬ್ಬರ್ ಬಿಲ್ಲೆ, ಅಂದರೆ ಪಕ್, ಆಟಗಾರನಿಗಿಂತ ಬಹಳ ವೇಗವಾಗಿ ಜಾರುತ್ತದೆ. ಆದರೆ ಆಟಗಾರ ತಿರುಗಲು, ನಿಲ್ಲಲು, ಮತ್ತೆ ವೇಗ ಪಡೆಯಲು ತೊಡೆ ಮತ್ತು ಸೊಂಟದ ಬಲವೇ ಬೇಕು. ಆ ಬಲವನ್ನು ಬೆಳೆಸಲು ಮಂಜು ಬೇಕಿಲ್ಲ.

ಫಲ ಬೇಗನೆ ಕಂಡಿತು. 1954ರಲ್ಲಿ ಮೊದಲ ಬಾರಿ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದ ಸೋವಿಯತ್ ತಂಡ ಅದನ್ನೇ ಗೆದ್ದಿತು. 1963ರಿಂದ 1971ರವರೆಗೆ ಸತತ 9 ಬಾರಿ ವಿಶ್ವ ಪ್ರಶಸ್ತಿ ಅದರ ಪಾಲಾಯಿತು. 1972ರ ಸೆಪ್ಟೆಂಬರ್ 2ರಂದು ಮಾಂಟ್ರಿಯಲ್‌ನಲ್ಲಿ ಅದು ಕೆನಡಾದ ವೃತ್ತಿಪರ ಆಟಗಾರರನ್ನು 7-3ರಿಂದ ಸೋಲಿಸಿತು. 8 ಪಂದ್ಯಗಳ ಆ ಸರಣಿಯನ್ನು ಕೊನೆಗೆ ಕೆನಡಾವೇ ಗೆದ್ದರೂ, ತನ್ನ ತರಬೇತಿಯ ಬಗ್ಗೆ ಮರುಚಿಂತನೆ ಮಾಡಬೇಕಾಯಿತು.

ಅದೇ ಮಾಂಟ್ರಿಯಲ್ ನಾಲ್ಕು ವರ್ಷಗಳ ನಂತರ ನಮಗೂ ಪೆಟ್ಟು ಕೊಟ್ಟಿತು. 1975ರಲ್ಲಿ ಕ್ವಾಲಾಲಂಪುರದ ಹುಲ್ಲಿನ ಮೈದಾನದಲ್ಲಿ ಭಾರತ ಹಾಕಿ ವಿಶ್ವಕಪ್ ಗೆದ್ದಿತ್ತು, ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಕೃತಕ ಹುಲ್ಲುಹಾಸು ಬಂತು. ಭಾರತ 7ನೇ ಸ್ಥಾನಕ್ಕೆ ಇಳಿಯಿತು. ಕೃತಕ ಹಾಸಿನ ಮೇಲೆ ಚೆಂಡು ಪುಟಿಯದೆ ಬಿರುಸಾಗಿ ಸಾಗುತ್ತದೆ. ಕೈಚಳಕದ ಜೊತೆಗೆ ಓಟ, ದಮ್ಮು, ನಿಖರ ಪಾಸ್‌ಗಳೂ ಅನಿವಾರ್ಯವಾದವು.

ಹಾಗಾದರೆ ಕೃತಕ ಹಾಸು ಇಲ್ಲದ ಊರಿನವರ ಗತಿ? ಕೊಡಗನ್ನು ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಆರಂಭಿಸಿದಾಗ ಬಂದದ್ದು 60 ಕುಟುಂಬ ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಆಡಿದವು. ಅಲ್ಲಿ ಹಿರಿಯರು, ಹೆಂಗಸರು, ಮಕ್ಕಳು ಒಂದೇ ತಂಡದಲ್ಲಿ ಆಡುತ್ತಾರೆ. ಚೆಂಡು ಯಾವಾಗ ಬಿಡಬೇಕು, ಎಲ್ಲಿ ನಿಲ್ಲಬೇಕು ಎಂಬ ಆಟದ ಅರಿವು ಹೀಗೆ ಆಡುತ್ತಾ ಆಡುತ್ತಾ ಬರುವಂಥದು. ಕೃತಕ ಹಾಸಿನ ಮೇಲಿನ ತರಬೇತಿ ಆಮೇಲಿನದು.

ನಿಮ್ಮ ಶಾಲೆಯಲ್ಲಿ ಗೋಡೆಯೊಂದಿದೆಯಲ್ಲವೇ? ಚೆಂಡನ್ನು ಅದಕ್ಕೆ ಹೊಡೆದು, ಮರಳಿ ಬಂದಾಗ ಒಂದೇ ಸ್ಪರ್ಶಕ್ಕೆ ತಡೆಯಿರಿ. ಹದಿನೈದು ಸೆಕೆಂಡು ಜೋರಾಗಿ ಓಡಿ, ದಣಿವಾರಿಸಿಕೊಂಡು ಮತ್ತೆ ಓಡಿ. ಎಷ್ಟು ಬಾರಿ ಸಾಧ್ಯವಾಯಿತೆಂದು ದಿನವೂ ಬರೆದಿಡಿ. ಒಳ್ಳೆಯ ಮೈದಾನ ಕೇಳುವುದು ನಿಮ್ಮ ಹಕ್ಕು, ಕೇಳಿ. ಅದು ಬರುವವರೆಗೆ ಕಾಲಹರಣ ಮಾಡಬೇಡಿ.