ವಾಯು ಸಂಚಾರ ನಿಯಂತ್ರಕರ ದಣಿವು, ಒತ್ತಡ ಮತ್ತು ಕಾರ್ಯಕ್ಷಮತೆ: ಕರ್ನಾಟಕದ ಎರಡು ಪ್ರಕರಣಗಳ ಹಿನ್ನೆಲೆಯಲ್ಲಿ

ಹಾರಾಟದಲ್ಲಿರುವ ವಿಮಾನಗಳ ನಡುವೆ ನಿಗದಿತ ಅಂತರವನ್ನು, ಎಂದರೆ ಸಾಮಾನ್ಯವಾಗಿ ಎತ್ತರದಲ್ಲಿ 1,000 ಅಡಿ ಇಲ್ಲವೇ ರಾಡಾರ್ ಪರದೆಯ ಮೇಲೆ 3ರಿಂದ 5 ನಾಟಿಕಲ್ ಮೈಲಿಗಳನ್ನು, ಕಾಯ್ದುಕೊಳ್ಳುವುದು ವಾಯು ಸಂಚಾರ ನಿಯಂತ್ರಕರ ಮೂಲ ಕರ್ತವ್ಯ. ಈ ಕರ್ತವ್ಯಕ್ಕೆ ಧಕ್ಕೆ ತರುವ ದಣಿವು ಮತ್ತು ಒತ್ತಡಗಳನ್ನು ಜೋಡಿಯಾಗಿ ಹೇಳುವ ರೂಢಿಯಿದ್ದರೂ ಅವು ಕೆಲಸಕ್ಕೆ ಅಡ್ಡಿಯಾಗುವ ಬಗೆ ಬೇರೆ ಬೇರೆ. ನಿದ್ದೆಗೇಡಿನಿಂದ ಬರುವ ದಣಿವು ಎಚ್ಚರವನ್ನೇ ಕುಗ್ಗಿಸುವುದರಿಂದ, ವಿಮಾನಗಳು ವಿರಳವಾಗಿರುವ ನಸುಕಿನ ಪಾಳಿಯಲ್ಲಿ ಅದರ ಬಾಧೆ ಹೆಚ್ಚು. ಒತ್ತಡವಾದರೋ ದಟ್ಟಣೆಯ ವೇಳೆಯಲ್ಲಿ ಗಮನವನ್ನು ಒಂದೆರಡು ವಿಮಾನಗಳ ಮೇಲೆ ಕಟ್ಟಿಹಾಕಿ ಉಳಿದವನ್ನು ಮರೆಸುತ್ತದೆ.

ಎರಡರ ಪರಿಣಾಮವೂ ಸೂಕ್ಷ್ಮವಾಗಿ ಗೋಚರಿಸುವುದು ಮಾತಿನ ವಿನಿಮಯದಲ್ಲಿ. ನಿಯಂತ್ರಕರು ನೀಡಿದ ಎತ್ತರವನ್ನು ಪೈಲಟ್ ತಿರುಗಿ ಹೇಳಬೇಕು, ಅದು ಸರಿಯೇ ಎಂದು ನಿಯಂತ್ರಕರು ಕಿವಿಗೊಟ್ಟು ಪರಿಶೀಲಿಸಬೇಕು. ಬಳಲಿದ ಮನಸ್ಸು ಪೈಲಟ್ ಹೇಳಿದ ಅಂಕಿಗೆ ಬದಲಾಗಿ ತಾನು ನಿರೀಕ್ಷಿಸಿದ ಅಂಕಿಯನ್ನೇ ಕೇಳಿಸಿಕೊಳ್ಳುವ ಸಂಭವವಿರುತ್ತದೆ.

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ 2022ರ ಜನವರಿ 7ರಂದು ರನ್‌ವೇ ಬಳಕೆಯ ಕ್ರಮವನ್ನು ಬದಲಿಸಿದ ನಿರ್ಧಾರ ದಕ್ಷಿಣ ಟವರ್‌ನ ನಿಯಂತ್ರಕರಿಗೆ ತಲುಪದೆ, ಸಮಾನಾಂತರ ರನ್‌ವೇಗಳಿಂದ ಕೋಲ್ಕತ್ತ ಮತ್ತು ಭುವನೇಶ್ವರಗಳತ್ತ ಹೊರಟ ಎರಡು ವಿಮಾನಗಳು ಏಕಕಾಲಕ್ಕೆ ಮೇಲೇರಿ ಪರಸ್ಪರ ಸಮೀಪಿಸಿದವು. ರಾಡಾರ್ ನೋಡುತ್ತಿದ್ದ ಮತ್ತೊಬ್ಬ ನಿಯಂತ್ರಕರು ಅವುಗಳ ದಿಕ್ಕು ಬದಲಿಸಿ ಅನಾಹುತ ತಪ್ಪಿಸಿದರು. ಇದನ್ನು ದಣಿವಿನ ಪ್ರಕರಣವೆನ್ನಲು ಆಧಾರವಿಲ್ಲವಾದರೂ, ದಣಿವು ಕೆಡಿಸಬಲ್ಲ ಸಮನ್ವಯವೆಂಬ ಕೊಂಡಿ ಎಷ್ಟು ನಾಜೂಕಾದದ್ದು, ಎರಡನೆಯ ಜೋಡಿ ಕಣ್ಣುಗಳ ಬೆಲೆ ಎಷ್ಟು ಎಂಬುದನ್ನು ಇದು ತೋರಿಸುತ್ತದೆ. ಆ ಎರಡನೆಯ ಜೋಡಿ ಇಲ್ಲದ ಸ್ಥಿತಿಗೆ ಉದಾಹರಣೆಯೂ ಇದೆ: 2002ರ ಜುಲೈ 1ರ ರಾತ್ರಿ ಜರ್ಮನಿಯ ಉಬರ್ಲಿಂಗೆನ್ ಮೇಲಿನ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 71 ಮಂದಿ ಸತ್ತಾಗ, ಅವನ್ನು ನಿಯಂತ್ರಿಸುತ್ತಿದ್ದ ಜ್ಯೂರಿಕ್ ಕೇಂದ್ರದಲ್ಲಿ ಸಹೋದ್ಯೋಗಿ ವಿಶ್ರಾಂತಿಗೆ ತೆರಳಿದ್ದರಿಂದ ಒಬ್ಬ ನಿಯಂತ್ರಕರೇ ಎರಡು ಮೇಜುಗಳನ್ನು ನಿಭಾಯಿಸುತ್ತಿದ್ದರು.

ಆದರೆ ವಿಶ್ರಾಂತಿಗೂ ಒಂದು ಕ್ರಮವಿರಬೇಕೆಂಬುದಕ್ಕೆ ಮಂಗಳೂರಿನ ವಿಮಾನ ದುರಂತ ಸಾಕ್ಷಿ. 2010ರ ಮೇ 22ರ ಬೆಳಗಿನ ಜಾವ 158 ಮಂದಿ ಮೃತಪಟ್ಟ ಆ ಅಪಘಾತದಲ್ಲಿ ಬಳಲಿಕೆ ಕಂಡದ್ದು ಕಾಕ್‌ಪಿಟ್‌ನಲ್ಲಿ: ಹಾರಾಟದ ವೇಳೆ ದೀರ್ಘಕಾಲ ನಿದ್ರಿಸಿದ್ದ ಕ್ಯಾಪ್ಟನ್‌ರ ನಿರ್ಧಾರಗಳ ಮೇಲೆ ನಿದ್ರಾಜಡತೆ, ಎಂದರೆ ಎದ್ದ ಬಳಿಕವೂ ಕೆಲಕಾಲ ಉಳಿಯುವ ಮಂದತೆ, ಪ್ರಭಾವ ಬೀರಿರಬಹುದೆಂದು ತನಿಖಾ ನ್ಯಾಯಾಲಯ ಅಭಿಪ್ರಾಯಪಟ್ಟಿತು. ರಾತ್ರಿ ಪಾಳಿಯ ನಡುವೆ ಕಿರುನಿದ್ದೆ ಮಾಡುವ ನಿಯಂತ್ರಕರಿಗೂ ಇದೇ ಶಾರೀರಿಕ ನಿಯಮ ಅನ್ವಯಿಸುವುದರಿಂದ, ಎಚ್ಚರಗೊಂಡ ಕೂಡಲೇ ಮೈಕ್ ಹಿಡಿಯುವಂತಾಗದಂತೆ ಬಿಡುವಿನ ಅವಧಿಯಲ್ಲೇ ಚೇತರಿಕೆಯ ಸಮಯವನ್ನೂ ಸೇರಿಸಬೇಕಾಗುತ್ತದೆ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 2020ರ ನವೆಂಬರ್‌ನಿಂದ ಸದಸ್ಯ ರಾಷ್ಟ್ರಗಳು ನಿಯಂತ್ರಕರ ದಣಿವಿನ ನಿರ್ವಹಣೆಗೆ ನಿಯಮ ರೂಪಿಸಬೇಕೆಂಬ ಮಾನದಂಡವನ್ನು ಜಾರಿಗೆ ತಂದಿದೆ. ದಣಿದವರಿಗೆ ತಮ್ಮ ದಣಿವಿನ ಅಳತೆ ಸರಿಯಾಗಿ ಸಿಗುವುದಿಲ್ಲವಾದ್ದರಿಂದ ಈ ಹೊಣೆಯನ್ನು ವ್ಯಕ್ತಿಯ ಮನೋಬಲಕ್ಕೆ ಬಿಡುವುದು ಸಲ್ಲದು. ಪಾಳಿಪಟ್ಟಿಯನ್ನು ಸಿದ್ಧಪಡಿಸುವ ಹಂತದಲ್ಲೇ ಸತತ ರಾತ್ರಿಗಳಿಗೆ ಮಿತಿ, ಬದಲಿ ಸಿಬ್ಬಂದಿ ಹಾಗೂ ಪಾಳಿ ಹಸ್ತಾಂತರಕ್ಕೆ ಪ್ರತ್ಯೇಕ ವೇಳೆ ನಿಗದಿಯಾದರೆ ಮಾತ್ರ ನಿಯಮ ಕಾರ್ಯರೂಪಕ್ಕೆ ಬರುತ್ತದೆ.