ನೀಲಿ ಇಗ್ವಾನಾ

ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ಮಾತ್ರ ನೆಲೆಯಿರುವ ಸರೀಸೃಪ. ಇಗ್ವಾನಿಡೀ ಕುಟುಂಬಕ್ಕೆ ಸೇರಿದೆ. ವೈಜ್ಞಾನಿಕ ನಾಮ ಸೈಕ್ಲೂರಾ ಲೂಯಿಸಿ. 1940ರಲ್ಲಿ ಚಾಪ್‌ಮನ್ ಗ್ರಾಂಟ್ ಇದನ್ನು ಉಪಪ್ರಭೇದವೆಂದು ವರ್ಣಿಸಿದ; 2004ರಲ್ಲಿ ಫ್ರೆಡರಿಕ್ ಬರ್ಟನ್ ಸ್ವತಂತ್ರ ಪ್ರಭೇದವೆಂದು ಪ್ರತಿಪಾದಿಸಿದ.

ಲಕ್ಷಣಗಳು: ಬಾಲವೂ ಸೇರಿ ಉದ್ದ ಸುಮಾರು 1.5 ಮೀ. ತೂಕ 11 ಕಿ.ಗ್ರಾಂ. ಮೀರಬಹುದು. ಬೆನ್ನಿನುದ್ದಕ್ಕೂ ಮುಳ್ಳಿನಂಥ ಹುರುಪೆಗಳ ಸಾಲಿದೆ. ಕಣ್ಣು ಕೆಂಪು. ವಿಶ್ರಾಂತಿಯಲ್ಲಿರುವಾಗ ಮೈ ಸುಣ್ಣಕಲ್ಲಿನ ಬಂಡೆಯೊಡನೆ ಬೆರೆತುಹೋಗುವ ಬೂದುಬಣ್ಣ. ಬಿಸಿಲಿಗೆ ಮೈ ಕಾದಾಗ, ಸ್ವಜಾತಿಯ ಪ್ರಾಣಿ ಎದುರಾದಾಗ ನೀಲಿ ಗಾಢವಾಗುತ್ತದೆ. ಗಂಡು ಹೆಣ್ಣಿಗಿಂತ ದೊಡ್ಡದು.

ಜೀವನಕ್ರಮ: ಹಗಲಿನಲ್ಲಿ ಚಟುವಟಿಕೆ, ರಾತ್ರಿ ಬಂಡೆಯ ಬಿರುಕು, ಪೊಟರೆಗಳಲ್ಲಿ ವಾಸ. ಎಲೆ, ಹೂ, ಹಣ್ಣು ಮುಖ್ಯ ಆಹಾರ. ಅಪರೂಪಕ್ಕೆ ಕೀಟ, ಏಡಿಗಳನ್ನೂ ತಿನ್ನುತ್ತದೆ. ಬೇಸಗೆಯ ಆರಂಭದಲ್ಲಿ ಕೂಡಿದ ಹೆಣ್ಣು ಮಣ್ಣಿನಲ್ಲಿ ಗೂಡು ತೋಡಿ ಮೊಟ್ಟೆಯಿಡುತ್ತದೆ. ಸುಮಾರು 65ರಿಂದ 90 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮರಿಗಳಿಗೆ ಸ್ಥಳೀಯ ಹಾವಿನ ಕಾಟವಿದೆ. ಬೆಳೆದ ಪ್ರಾಣಿಗೆ ದ್ವೀಪದಲ್ಲಿ ಸ್ವಾಭಾವಿಕ ಶತ್ರುಗಳಿಲ್ಲ.

ಅವನತಿ: ದೊಡ್ಡ ಶತ್ರುಗಳಿಲ್ಲದೆ ವಿಕಾಸಗೊಂಡ ಈ ಪ್ರಾಣಿಗೆ ಮನುಷ್ಯರು ತಂದ ನಾಯಿ, ಬೆಕ್ಕು, ಇಲಿಗಳೆದುರು ನಿಲ್ಲಲಾಗಲಿಲ್ಲ. ಬೆಕ್ಕು, ಇಲಿಗಳು ಮರಿಗಳನ್ನು ಹಿಡಿದರೆ ನಾಯಿಗಳು ಬೆಳೆದವನ್ನೂ ಕೊಂದವು. ಹಣ್ಣಿನ ತೋಟಗಳು ಹುಲ್ಲುಗಾವಲುಗಳಾದವು. ಕಟ್ಟಡ, ರಸ್ತೆಗಳು ಹೆಚ್ಚಿದವು. 2002ರ ಸಮೀಕ್ಷೆಯ ಪ್ರಕಾರ ಕಾಡಿನಲ್ಲಿ ಉಳಿದವು 10ರಿಂದ 25 ಮಾತ್ರ.

ಸಂರಕ್ಷಣೆ: ಕೇಮನ್ ದ್ವೀಪಗಳ ನ್ಯಾಷನಲ್ ಟ್ರಸ್ಟ್ 1990ರಲ್ಲಿ ಪುನಶ್ಚೇತನ ಯೋಜನೆ ಆರಂಭಿಸಿತು. ಕ್ವೀನ್ ಎರಡನೆಯ ಎಲಿಜಬೆತ್ ಸಸ್ಯೋದ್ಯಾನದಲ್ಲಿ ಹುಟ್ಟಿದ ಮರಿಗಳನ್ನು ಬೆಕ್ಕಿಗೆ ಸುಲಭದ ತುತ್ತಾಗದಷ್ಟು ಬೆಳೆಯುವವರೆಗೆ, ಸುಮಾರು ಎರಡು ವರ್ಷ, ಸಾಕಿ ಸಲೀನಾ ಮತ್ತು ಕಾಲಿಯರ್ಸ್ ರಕ್ಷಿತಾರಣ್ಯಗಳಲ್ಲಿ ಬಿಡಲಾಗುತ್ತದೆ. ಕುತ್ತಿಗೆಯ ಮೇಲಿನ ಚರ್ಮಕ್ಕೆ ಪೋಣಿಸಿದ ಬಣ್ಣದ ಮಣಿಗಳಿಂದ ಪ್ರತಿಯೊಂದನ್ನೂ ಗುರುತಿಸುತ್ತಾರೆ. 2008ರಲ್ಲಿ ಉದ್ಯಾನಕ್ಕೆ ನುಗ್ಗಿದ ದುಷ್ಕರ್ಮಿಗಳು ತಳಿವೃದ್ಧಿಗೆಂದು ಸಾಕಿದ್ದ ಕೆಲವನ್ನು ಕೊಂದರೂ ಕೆಲಸ ನಿಲ್ಲಲಿಲ್ಲ. 2012ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಈ ಪ್ರಭೇದವನ್ನು 'ತೀವ್ರ ಅಪಾಯದಲ್ಲಿರುವ' ವರ್ಗದಿಂದ 'ಅಪಾಯದಲ್ಲಿರುವ' ವರ್ಗಕ್ಕೆ ಇಳಿಸಿತು. 2018ರಲ್ಲಿ ಸಾವಿರನೆಯ ಇಗ್ವಾನಾವನ್ನು ಕಾಡಿಗೆ ಬಿಡಲಾಯಿತು. ಬೆಕ್ಕು, ನಾಯಿಗಳ ಹಾವಳಿ ಇನ್ನೂ ಇರುವುದರಿಂದ ರಕ್ಷಿತಾರಣ್ಯಗಳ ನಿರಂತರ ನಿಗಾ ಅನಿವಾರ್ಯವಾಗಿದೆ.