ಬೆಚ್ಚನೆಯ ನೀರಿನ ಸ್ಕೂಬಾ ಡೈವಿಂಗ್ ಉಡುಪು

ಸ್ಕೂಬಾ ಡೈವಿಂಗ್ ಉಡುಪು ಎಂಬುದು ಗಾಳಿಯ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವವರು ಚಳಿ, ತರಚುಗಾಯ, ಜಲಚರಗಳ ಕುಟುಕು ಹಾಗೂ ಬಿಸಿಲಿನಿಂದ ಮೈಯನ್ನು ಕಾಪಾಡಿಕೊಳ್ಳಲು ಧರಿಸುವ ಉಡುಪು. ಉಷ್ಣವಲಯದ ಸಮುದ್ರಗಳಲ್ಲಿ ಇದರ ಅಗತ್ಯವಿಲ್ಲವೆಂಬ ಭಾವನೆ ಸಾಮಾನ್ಯವಾದರೂ ಬೆಚ್ಚನೆಯ ನೀರು ಕೂಡ ದೇಹದ ಶಾಖವನ್ನು ಹೀರುತ್ತದೆ. ಕರ್ನಾಟಕದಲ್ಲಿ ಈ ಕ್ರೀಡೆಯ ಪ್ರಮುಖ ತಾಣವೆಂದರೆ ಅರಬ್ಬೀ ಸಮುದ್ರದಲ್ಲಿ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪ. ಮಳೆಗಾಲದಲ್ಲಿ ಇಲ್ಲಿ ಡೈವಿಂಗ್ ನಡೆಯುವುದಿಲ್ಲ.

ಶಾಖನಷ್ಟ

ನೀರಿನ ಶಾಖವಾಹಕತೆ ಗಾಳಿಯದಕ್ಕಿಂತ 20 ಪಟ್ಟಿಗೂ ಹೆಚ್ಚು. ಈ ಕರಾವಳಿಯ ಮೇಲ್ಮೈ ನೀರಿನ ಉಷ್ಣತೆ ಡೈವಿಂಗ್ ಋತುವಿನಲ್ಲಿ ಸಾಮಾನ್ಯವಾಗಿ 27ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ. ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಆದ್ದರಿಂದ ಇಳಿದೊಡನೆ ಹಿತವೆನಿಸುವ ನೀರಿನಲ್ಲಿಯೂ ಅರ್ಧ ಗಂಟೆಯ ಬಳಿಕ ಚಳಿಯಾಗಬಹುದು. ಒಂದೇ ದಿನ ಎರಡು ಮೂರು ಬಾರಿ ಇಳಿಯುವವರಲ್ಲಿ ಈ ನಷ್ಟ ಕೂಡುತ್ತ ಹೋಗುತ್ತದೆ.

ಬಗೆಗಳು

ಲೈಕ್ರಾ ಉಡುಪು ತೆಳುವಾದ ಬಟ್ಟೆಯದು. ಬಿಸಿಲು, ಜೆಲ್ಲಿ ಮೀನಿನ ಕುಟುಕು, ಹವಳದ ತರಚುಗಾಯಗಳಿಂದ ರಕ್ಷಿಸುತ್ತದೆಯೇ ಹೊರತು ಚಳಿಯನ್ನು ಹೆಚ್ಚು ತಡೆಯುವುದಿಲ್ಲ.

ವೆಟ್‌ಸೂಟ್ ನಿಯೋಪ್ರೀನ್ ಎಂಬ ಕೃತಕ ರಬ್ಬರಿನದು. 1950ರ ದಶಕದ ಆರಂಭದಲ್ಲಿ ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಇದನ್ನು ರೂಪಿಸಿದರು. ರಬ್ಬರಿನೊಳಗಿನ ಅನಿಲದ ಸಣ್ಣ ಗುಳ್ಳೆಗಳು ಶಾಖ ಹೊರಹೋಗುವುದನ್ನು ತಡೆಯುತ್ತವೆ. ಮೊಣಕೈ, ಮೊಣಕಾಲಿನವರೆಗಿನ ಗಿಡ್ಡ ಉಡುಪೂ ಮೈ ಪೂರ್ತಿ ಮುಚ್ಚುವ ಉದ್ದ ಉಡುಪೂ ಇವೆ.

ಆಯ್ಕೆ

ನೇತ್ರಾಣಿಯಂತಹ ತಾಣಕ್ಕೆ 2ರಿಂದ 3 ಮಿ.ಮೀ. ದಪ್ಪದ ವೆಟ್‌ಸೂಟ್ ಹೆಚ್ಚಿನವರಿಗೆ ಸಾಕು. ತೆಳ್ಳಗಿನ ಮೈಕಟ್ಟಿನವರಿಗೂ ಹೆಚ್ಚು ಹೊತ್ತು ನೀರಿನಲ್ಲಿರುವವರಿಗೂ ಇನ್ನಷ್ಟು ದಪ್ಪದ್ದು ಬೇಕಾಗಬಹುದು. ಹೊಸಬರು ಮಾರ್ಗದರ್ಶಕರ ಆಸರೆಯಲ್ಲಿ ಸಾಗುವಾಗ ಕೈಕಾಲು ಆಡಿಸುವುದು ಕಡಿಮೆಯಾದ್ದರಿಂದ ಅವರಿಗೆ ಬೇಗನೆ ಚಳಿಯಾಗುವ ಸಂಭವವಿದೆ.

ದಪ್ಪಕ್ಕಿಂತಲೂ ಅಳತೆ ಮುಖ್ಯ. ಕುತ್ತಿಗೆ, ಮಣಿಕಟ್ಟು, ಬೆನ್ನಿನ ಕೆಳಭಾಗದಲ್ಲಿ ಉಡುಪು ಸಡಿಲವಾಗಿದ್ದರೆ ಮೈ ಬಿಸಿಯಿಂದ ಬೆಚ್ಚಗಾದ ನೀರು ಹೊರಹೋಗಿ ಹೊಸ ನೀರು ನುಗ್ಗುತ್ತದೆ. ಎದೆಯ ಬಳಿ ಬಿಗಿಯಾದರೆ ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ತೊಟ್ಟು, ಕೈಯೆತ್ತಿ, ಕುಕ್ಕರುಗಾಲಿನಲ್ಲಿ ಕುಳಿತು ನೋಡುವುದು ಸುಲಭವಾದ ಪರೀಕ್ಷೆ. ಬಾಡಿಗೆಯ ಹಳೆಯ ಉಡುಪುಗಳಲ್ಲಿ ನಿಯೋಪ್ರೀನ್ ಚಪ್ಪಟೆಯಾಗಿ ಶಾಖ ತಡೆಯುವ ಗುಣ ಕುಗ್ಗಿರಬಹುದು.

ತೇಲುವಿಕೆ

ವೆಟ್‌ಸೂಟ್ ಮೈಯನ್ನು ತೇಲಿಸುತ್ತದೆ. ಮುಳುಗಲು ಸೊಂಟಕ್ಕೆ ಸೀಸದ ತೂಕ ಕಟ್ಟಬೇಕಾಗುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟಾಗಿ ಗುಳ್ಳೆಗಳು ಕುಗ್ಗುತ್ತವೆ. ಆಗ ತೇಲುವ ಗುಣವೂ ಬೆಚ್ಚಗಿಡುವ ಶಕ್ತಿಯೂ ತಗ್ಗುತ್ತವೆ. ಬೆಂಗಳೂರಿನಂತಹ ಒಳನಾಡಿನ ಊರುಗಳ ಈಜುಕೊಳದಲ್ಲಿ ಕಲಿತವರು, ಉಪ್ಪುನೀರು ಸಿಹಿನೀರಿಗಿಂತ ಹೆಚ್ಚು ತೇಲಿಸುವುದರಿಂದ, ಸಮುದ್ರದಲ್ಲಿ ತೂಕವನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು.

ಎಚ್ಚರಿಕೆಗಳು

ನಡುಕ ಆರಂಭವಾದರೆ ಜೊತೆಗಾರರಿಗೆ ಸನ್ನೆ ಮಾಡಿ, ಕ್ರಮಬದ್ಧವಾಗಿ ಮೇಲಕ್ಕೆ ಬರಬೇಕು. ಮೇಲೇರುವ ಹಂತದಲ್ಲಿ ಮೈ ತಣ್ಣಗಾಗಿದ್ದರೆ ದೇಹದಲ್ಲಿ ಸೇರಿದ ನೈಟ್ರೋಜನ್ ಹೊರಹೋಗುವುದು ನಿಧಾನವಾಗಿ, ಅದರಿಂದ ಉಂಟಾಗುವ ಕಾಯಿಲೆಯ ಅಪಾಯ ಹೆಚ್ಚುತ್ತದೆ. ದೋಣಿಯಲ್ಲಿ ಇದಕ್ಕೆ ವಿರುದ್ಧವಾದ ಅಪಾಯವಿದೆ: ಉರಿಬಿಸಿಲಿನಲ್ಲಿ ವೆಟ್‌ಸೂಟ್ ತೊಟ್ಟು ಬಹಳ ಹೊತ್ತು ಕುಳಿತರೆ ಬಿಸಿಲಿನ ಬಳಲಿಕೆ ಉಂಟಾಗಬಹುದು. ಹೀಗಾಗಿ ನೀರಿಗಿಳಿಯುವ ಸ್ವಲ್ಪ ಮೊದಲು ಉಡುಪು ಧರಿಸುವುದು ಒಳ್ಳೆಯದು. ಯಾವ ಉಡುಪು ತೊಟ್ಟಿದ್ದರೂ ಹವಳವನ್ನು ಮುಟ್ಟಬಾರದು.